ಕೋಲಾರದ ಕಲ್ಲು

ಮಾರಿಕುಪ್ಪಂನಿಂದ ಬಂಗಾರಪೇಟೆಯವರೆಗೆ ಸುಮಾರು 16 ಕಿಲೋಮೀಟರು ಉದ್ದದ ಒಂದು ರೈಲುಮಾರ್ಗವಿದೆ. ಚಿನ್ನದ ಗಣಿಗಳ ಸಲುವಾಗಿಯೇ 1894ರಲ್ಲಿ ಹಾಕಿದ ಈ ಮಾರ್ಗದಲ್ಲಿ ಒಂದು ಕಾಲಕ್ಕೆ ಭಾರಿ ಯಂತ್ರಗಳೂ ಮರದ ದಿಮ್ಮಿಗಳೂ ಬಂದಿಳಿಯುತ್ತಿದ್ದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆಮೇಲೆ ಈ ದಾರಿಯಲ್ಲಿ ಮುಖ್ಯವಾಗಿ ಓಡಾಡುವವರು, ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ದುಡಿಯಲು ಹೋಗಿ ಇರುಳಿಗೆ ಮರಳುವ ಜನರು.

ಚಾಂಪಿಯನ್ ರೀಫಿನ ಒಂದು ಲೈನ್ ಮನೆಯ ಯಜಮಾನನೂ ಅಂಥವರಲ್ಲಿ ಒಬ್ಬ. ವಾರದ ಆರು ದಿನ ಅವನ ಮಕ್ಕಳು ಅವನನ್ನು ಕಾಣುತ್ತಿದ್ದುದು ದೀಪ ಹಚ್ಚಿದ ಮೇಲೆಯೇ. ಮನೆಯಲ್ಲಿ ಹಗಲೆಲ್ಲ ಇರುತ್ತಿದ್ದವರು ತಾತ. ಮೂವತ್ತನಾಲ್ಕು ವರ್ಷ ಗಣಿಯೊಳಗೆ ದುಡಿದ ಅವರು, ಗಣಿ ಮುಚ್ಚಿ ಹತ್ತು ವರ್ಷಗಳು ಕಳೆದಿದ್ದರೂ, ಬೆಳಗಿನ ಪಾಳಿಯ ಹೊತ್ತಿಗೇ ಎದ್ದು ಜಗುಲಿಯ ಮೇಲೆ ಕುಳಿತುಬಿಡುತ್ತಿದ್ದರು. ಗಣಿಯ ಮಾತನ್ನು ಅವರಾಗಿಯೇ ಎತ್ತಿದ್ದು ಕಡಿಮೆ. ಕೇಳಿದರೆ, “ಏನಿದೆ ಹೇಳಲು? ತೆಗೆದದ್ದು ಚಿನ್ನ, ಅದು ಎಲ್ಲಿಗೋ ಹೋಯಿತು. ಉಳಿದದ್ದು ಈ ಮಣ್ಣಿನ ಗುಡ್ಡ” ಎಂದು ಅದಿರಿನ ಪುಡಿಯ ದಿಬ್ಬಗಳತ್ತ ಕೈ ತೋರಿಸಿ ಸುಮ್ಮನಾಗುತ್ತಿದ್ದರು.

ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ತಮ್ಮ ಜಿಲ್ಲೆಯ ಯಾವುದಾದರೂ ಪ್ರಾಚೀನ ಕಟ್ಟಡವನ್ನು ಕಣ್ಣಾರೆ ಕಂಡು ಅದರ ವರ್ಣನೆಯನ್ನು ಬರೆದು ತರಬೇಕೆಂದು ಚರಿತ್ರೆಯ ಉಪಾಧ್ಯಾಯರು ಹೇಳಿದ್ದರು. ಅವಳಿಗೆ ಬೇಲೂರು, ಹಳೇಬೀಡುಗಳನ್ನು ನೋಡುವ ಆಸೆ. ತಂದೆ ನಕ್ಕು, “ದೂರದ ಬೆಟ್ಟಕ್ಕೆ ಆಮೇಲೆ ಹೋಗೋಣ. ಮನೆಯಿಂದ ಮೂವತ್ತು ಕಿಲೋಮೀಟರು ದೂರದಲ್ಲಿರುವ ಕೋಲಾರದ ಗುಡಿಗಳನ್ನೇ ನೀನಿನ್ನೂ ನೋಡಿಲ್ಲ. ನಿಮ್ಮ ಉಪಾಧ್ಯಾಯರು ಕೇಳಿರುವುದೂ ನಮ್ಮ ಜಿಲ್ಲೆಯದನ್ನೇ. ಈ ಭಾನುವಾರ ಎಲ್ಲರೂ ಹೋಗಿ ಬರೋಣ” ಎಂದನು. ತಾಯಿ ತಾತನ ಕಡೆ ತಿರುಗಿ, “ಮಾವ, ನೀವೂ ಬರಬೇಕು” ಎಂದಳು.

“ನನ್ನನ್ನು ಬಿಡಮ್ಮ. ಕಲ್ಲು ನೋಡಿ ನೋಡಿ ನನಗೆ ಸಾಕಾಗಿದೆ” ಎಂದರು ತಾತ.

ಆದರೆ ಆರನೆಯ ತರಗತಿಯ ಮೊಮ್ಮಗ ಬಿಡಲಿಲ್ಲ. ತಾತ ಬಾರದಿದ್ದರೆ ತಾನೂ ಒಲ್ಲೆನೆಂದು ಕುಳಿತನು. ಕೊನೆಗೆ ತಾತ ಒಪ್ಪಲೇಬೇಕಾಯಿತು.

ಭಾನುವಾರ ಬೆಳಗ್ಗೆ ಚಿತ್ರಾನ್ನ, ಮೊಸರನ್ನಗಳ ಬುತ್ತಿಯೊಡನೆ ಐವರೂ ರೈಲು ಹತ್ತಿದರು. ಕಿಟಕಿಯ ಹೊರಗೆ ಶಾಫ್ಟುಗಳ ಮೇಲಿನ ಉಕ್ಕಿನ ಗೋಪುರಗಳು ಒಂದೊಂದಾಗಿ ಹಿಂದೆ ಸರಿದವು. ಆ ಗೋಪುರಗಳ ತುದಿಯಲ್ಲಿದ್ದ ದೊಡ್ಡ ರಾಟೆಗಳ ಮೇಲೆ ಹಗ್ಗ ಹಾಯ್ದು, ಕೆಲಸಗಾರರ ಪಂಜರವನ್ನು ಪಾತಾಳಕ್ಕೆ ಇಳಿಸುತ್ತಿತ್ತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಸಾವಿರ ಮೀಟರುಗಳನ್ನೂ ಮೀರಿದ್ದು, ಪ್ರಪಂಚದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆಂದು ಹೆಸರಾಗಿತ್ತು. ಈ ಯಂತ್ರಗಳನ್ನು ನಡೆಸಲೆಂದೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ವಿದ್ಯುಚ್ಛಕ್ತಿಯನ್ನು ತರಲಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲದಿಂದ ಹೊರಬಂದ ಚಿನ್ನ ಸುಮಾರು ಎಂಟುನೂರು ಟನ್ನು.

ಹುಡುಗನು ಜೇಬಿನಿಂದ ಬೆಳ್ಳಗಿನ ಒಂದು ಕಲ್ಲಿನ ಚೂರನ್ನು ತೆಗೆದು, “ತಾತ, ಇದರಲ್ಲಿ ಚಿನ್ನ ಇದೆಯೇ?” ಎಂದು ಕೇಳಿದನು.

ತಾತ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ಬೆಣಚುಕಲ್ಲು. ಕಪ್ಪು ಬಂಡೆಯ ನಡುವೆ ಬೆಣಚುಕಲ್ಲಿನ ಎಳೆ ಓಡುತ್ತದೆ. ಚಿನ್ನ ಇರುವುದು ಆ ಎಳೆಯಲ್ಲಿ. ಆದರೆ ಕಣ್ಣಿಗೆ ಕಾಣುವುದು ಅಪರೂಪ. ಕೊನೆಕೊನೆಗೆ ಒಂದು ಟನ್ನು ಕಲ್ಲನ್ನು ಪುಡಿಮಾಡಿದರೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು” ಎಂದು ಹೇಳಿ ಕಲ್ಲನ್ನು ಹಿಂದಿರುಗಿಸಿದರು. ಹುಡುಗ ಅದನ್ನು ಜೋಪಾನವಾಗಿ ಜೇಬಿಗೆ ಸೇರಿಸಿದನು.

ಬ್ರಿಟಿಷ್ ಕಮಿಷನರ್ ಬೌರಿಂಗನ ಹೆಸರಿನಿಂದ ಬೌರಿಂಗಪೇಟೆಯಾಗಿದ್ದು, ಅನಂತರ ಬಂಗಾರಪೇಟೆಯೆಂಬ ಹೆಸರು ಪಡೆದ ಊರಿನಲ್ಲಿ ಇಳಿದು ಅವರು ಕೋಲಾರದ ಬಸ್ಸು ಹಿಡಿದರು. ಕೋಲಾರ ಸಮೀಪಿಸಿದಂತೆ ಪಡುವಣ ದಿಕ್ಕಿನಲ್ಲಿ ಶತಶೃಂಗ ಪರ್ವತದ ಬಂಡೆಗಳು ಬಿಸಿಲಿಗೆ ಹೊಳೆದವು. ಆ ಬೆಟ್ಟದ ಮೇಲೆಯೇ ಅಂತರಗಂಗೆಯ ಚಿಲುಮೆಯಿರುವುದು.

ಕೋಲಾರಕ್ಕೆ ಕುವಲಾಲ, ಕೋಲಾಹಲಪುರ ಎಂಬ ಹಳೆಯ ಹೆಸರುಗಳಿವೆ. ಗಂಗವಂಶದ ಅರಸರು ಮೊದಲು ಇಲ್ಲಿಂದ ಆಳಿ, ಅನಂತರ ತಲಕಾಡಿಗೆ ರಾಜಧಾನಿಯನ್ನು ಒಯ್ದರು. ಊರು ಕೈಬಿಟ್ಟರೂ ಹೆಸರನ್ನು ಬಿಡದೆ ‘ಕುವಲಾಲ ಪುರವರೇಶ್ವರ’ರೆಂದು ತಮ್ಮನ್ನು ಕರೆದುಕೊಂಡರು. ಗಂಗರ ತರುವಾಯ ಚೋಳರು ಈ ಸೀಮೆಯನ್ನು ಗೆದ್ದರು.

ಅವರು ಮೊದಲು ನೋಡಿದ್ದು ಊರಿಗೆ ಅಧಿದೇವತೆಯಾದ ಕೋಲಾರಮ್ಮನ ಗುಡಿಯನ್ನು. ಎತ್ತರದ ಗೋಪುರವಾಗಲಿ, ಆಡಂಬರವಾಗಲಿ ಇಲ್ಲದ ಗಟ್ಟಿಮುಟ್ಟಾದ ಕಲ್ಲಿನ ಕಟ್ಟಡ ಅದು. ಮೊದಲು ಇಟ್ಟಿಗೆಯದಾಗಿದ್ದ ಈ ಗುಡಿಯನ್ನು ಹನ್ನೊಂದನೆಯ ಶತಮಾನದಲ್ಲಿ, ರಾಜೇಂದ್ರ ಚೋಳನ ಕಾಲದಲ್ಲಿ, ಕಲ್ಲಿನಿಂದ ಮತ್ತೆ ಕಟ್ಟಿಸಿದ ಸಂಗತಿ ಶಾಸನದಿಂದ ತಿಳಿಯುತ್ತದೆ. ಒಳಗೆ ಸಪ್ತಮಾತೃಕೆಯರ ಸನ್ನಿಧಿಯಿದೆ. ಇನ್ನೊಂದು ಭಾಗದಲ್ಲಿ ಚೇಳಮ್ಮನ ಸನ್ನಿಧಿಯಿದ್ದು, ಅವಳನ್ನು ಬೇಡಿಕೊಂಡವರಿಗೆ ಚೇಳಿನ ಭಯವಿಲ್ಲವೆಂಬುದು ಸುತ್ತಲಿನ ರೈತಾಪಿ ಜನರ ನಂಬಿಕೆ.

ಗೋಡೆಯ ಮೇಲೆ ಸಾಲುಸಾಲಾಗಿ ಕೊರೆದ ಅಕ್ಷರಗಳನ್ನು ಕಂಡು ಹುಡುಗಿ ನಿಂತಳು. ಅವು ಕನ್ನಡದಂತೆ ಕಾಣಲಿಲ್ಲ. ತಾತ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಇದು ತಮಿಳು. ಹಳೆಯದು; ಓದಲು ಬಾರದು. ಆದರೆ ಇಗೋ, ಈ ಅಕ್ಷರ ‘ಕ’, ಇದು ‘ಟ’” ಎಂದು ತೋರಿಸಿದರು.

“ತಮಿಳಿನ ಅಕ್ಷರ ನಿಮಗೆ ಹೇಗೆ ಗೊತ್ತು, ತಾತ?”

“ಗಣಿಯೊಳಗೆ ಕಲಿತೆ. ನಮ್ಮ ತಂಡದಲ್ಲಿ ಎಂಟು ಮಂದಿ. ಐವರು ತಮಿಳರು, ಇಬ್ಬರು ತೆಲುಗಿನವರು. ಊಟದ ಬಿಡುವಿನಲ್ಲಿ ಅವರು ನನಗೆ ತಮಿಳು ಅಕ್ಷರ ಬರೆದು ತೋರಿಸುತ್ತಿದ್ದರು. ನಾನು ಅವರಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಸೀಮೆಸುಣ್ಣವಿದ್ದರೆ ಬಂಡೆಯೇ ಹಲಗೆ” ಎಂದು ತಾತ ನಕ್ಕರು. ಅವರು ಅಷ್ಟು ದೀರ್ಘವಾಗಿ ಮಾತನಾಡಿದ್ದನ್ನು ಮಕ್ಕಳು ಕೇಳಿ ಬಹಳ ದಿನಗಳಾಗಿದ್ದವು.

ಅಲ್ಲಿಂದ ಅವರು ಸೋಮೇಶ್ವರ ದೇವಾಲಯಕ್ಕೆ ಬಂದರು. ಇದು ವಿಜಯನಗರದ ಅರಸರ ಕಾಲದ, ಹದಿನಾಲ್ಕನೆಯ ಶತಮಾನದ ಕಟ್ಟಡವೆಂದು ವಿದ್ವಾಂಸರು ಗುರುತಿಸಿದ್ದಾರೆ. ದ್ರಾವಿಡ ಶೈಲಿಯ ಈ ದೇವಾಲಯವನ್ನು ರಾಷ್ಟ್ರೀಯ ಪ್ರಾಮುಖ್ಯವುಳ್ಳ ಸ್ಮಾರಕವೆಂದು ಸಾರಿ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ರಕ್ಷಿಸುತ್ತಿದೆ. ಬಾಗಿಲಲ್ಲೇ ಮಹಾದ್ವಾರದ ಉನ್ನತವಾದ ಗೋಪುರ ಕಣ್ಸೆಳೆಯುತ್ತದೆ. ಅದರ ಕೆಳಭಾಗ ಕಲ್ಲಿನದು. ಮೇಲಿನ ಅಂತಸ್ತುಗಳು ಇಟ್ಟಿಗೆ ಗಾರೆಯವು.

“ಎಲ್ಲವನ್ನೂ ಕಲ್ಲಿನಿಂದಲೇ ಏಕೆ ಕಟ್ಟಲಿಲ್ಲ?” ಎಂದು ಹುಡುಗ ಕೇಳಿದನು.

“ಮೇಲೆ ಹೋದಂತೆ ಭಾರ ಕಡಿಮೆಯಾಗಬೇಕಲ್ಲವೇ? ಇಟ್ಟಿಗೆ ಹಗುರ. ಹೊರುವ ಕೆಲಸ ಕಲ್ಲಿಗೆ, ಏರುವ ಕೆಲಸ ಇಟ್ಟಿಗೆಗೆ” ಎಂದು ಉತ್ತರ ಕೊಟ್ಟವರು ತಂದೆಯಲ್ಲ, ತಾತ.

ಒಳಗೆ ಕಂಬಗಳಿಂದ ತುಂಬಿದ ವಿಶಾಲವಾದ ಮುಖಮಂಟಪ, ಅದರಾಚೆ ಗರ್ಭಗುಡಿ, ಪ್ರಾಕಾರದಲ್ಲಿ ಬೇರೆಯಾಗಿಯೇ ನಿಂತ ಕಲ್ಯಾಣಮಂಟಪ. ದೇವರ ಮದುವೆಯ ಉತ್ಸವಕ್ಕಾಗಿ ಕಟ್ಟಿದ ಈ ಮಂಟಪದಲ್ಲಿ ಶಿಲ್ಪಿಗಳು ತಮ್ಮ ಕೈಚಳಕವನ್ನೆಲ್ಲ ತೋರಿದ್ದಾರೆ. ಕಂಬಗಳಲ್ಲಿ ಯಾಳಿಗಳು, ಬಳ್ಳಿಗಳು, ದೇವತಾಮೂರ್ತಿಗಳು ತುಂಬಿವೆ. ಹೊಯ್ಸಳರ ಶಿಲ್ಪಿಗಳಿಗೆ ದೊರೆತದ್ದು ಬಳಪದ ಕಲ್ಲು. ಅದು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ತೆರೆದಂತೆ ಗಟ್ಟಿಯಾಗುತ್ತದೆ; ಆದುದರಿಂದಲೇ ಹಳೇಬೀಡಿನಲ್ಲಿ ಆಭರಣದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾಯಿತು. ಇಲ್ಲಿನದು ಗ್ರಾನೈಟ್ ಎಂಬ ಕಣಶಿಲೆ. ಅದು ಉಳಿಗೆ ಸುಲಭವಾಗಿ ಮಣಿಯುವುದಿಲ್ಲ. ಒರಟಾಗಿ ಹೊಡೆದರೆ ಸಿಡಿದು ಹೋಗುತ್ತದೆ. ಒಂದು ಏಟು ತಪ್ಪಿದರೆ ತಿಂಗಳ ಕೆಲಸ ವ್ಯರ್ಥ. ಅಂಥ ಕಲ್ಲಿನಲ್ಲಿ ಇಷ್ಟು ನಯವನ್ನು ತರಬೇಕಾದರೆ ಎಷ್ಟು ತಾಳ್ಮೆ ಬೇಕಾಗಿತ್ತೆಂಬುದನ್ನು ಊಹಿಸಬಹುದು.

ತಾತ ಶಿಲ್ಪಗಳನ್ನು ನೋಡುತ್ತಿರಲಿಲ್ಲ. ಅವರ ದೃಷ್ಟಿ ಕಂಬಗಳ ತಲೆಯ ಮೇಲಿನ ಬೋದಿಗೆಗಳ ಮೇಲೆ, ಬೋದಿಗೆಗಳ ಮೇಲಿನ ತೊಲೆಗಳ ಮೇಲೆ, ತೊಲೆಗಳನ್ನು ಮುಚ್ಚಿದ ಚಪ್ಪಡಿಗಳ ಮೇಲೆ ಓಡಾಡುತ್ತಿತ್ತು. ಒಂದು ಸಂದಿನ ಮೇಲೆ ಬೆರಳಾಡಿಸಿ, “ಗಾರೆ ಇಲ್ಲ. ಭಾರದ ಮೇಲೇ ನಿಂತಿದೆ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬಳಿಕ ಮೊಮ್ಮಗಳನ್ನು ಕರೆದು ಕಟ್ಟಡದ ಮರ್ಮವನ್ನು ವಿವರಿಸಿದರು: “ನೋಡು ಮಗು, ಕಲ್ಲಿನ ತಲೆಯ ಮೇಲೆ ಎಷ್ಟು ಭಾರ ಹೇರಿದರೂ ತಡೆಯುತ್ತದೆ. ಆದರೆ ಅದನ್ನೇ ಅಡ್ಡಲಾಗಿಟ್ಟು ನಡುವೆ ಭಾರ ಹಾಕಿದರೆ ಕೆಳಮೈಯಲ್ಲಿ ಬಿರಿಯುತ್ತದೆ. ಆದ್ದರಿಂದ ತೊಲೆ ಉದ್ದವಾಗುವಂತಿಲ್ಲ. ತೊಲೆ ಗಿಡ್ಡವಾದರೆ ಕಂಬಗಳು ಹತ್ತಿರ ಹತ್ತಿರ ಬರಬೇಕು. ಕಂಬದ ಮೇಲೆ ಬೋದಿಗೆ ಇಟ್ಟು ತೋಳು ಚಾಚಿದಂತೆ ಮಾಡಿದರೆ ತೊಲೆಗೆ ಇನ್ನಷ್ಟು ಆಸರೆ. ಇಲ್ಲಿ ಇಷ್ಟೊಂದು ಕಂಬಗಳು ಇರುವುದು ಬರಿಯ ಅಲಂಕಾರಕ್ಕಲ್ಲ.”

ಹುಡುಗಿ ಅದನ್ನೆಲ್ಲ ಬರೆದುಕೊಂಡಳು. ಅವಳ ಪಠ್ಯಪುಸ್ತಕದಲ್ಲಿ ಅರಸರ ಹೆಸರುಗಳಿದ್ದವು, ಶತಮಾನಗಳಿದ್ದವು. ಮಂಟಪ ಬೀಳದೆ ಏಕೆ ನಿಂತಿದೆಯೆಂಬುದು ಮಾತ್ರ ಇರಲಿಲ್ಲ.

ಇಷ್ಟರಲ್ಲಿ ಹುಡುಗ ಕಣ್ಮರೆಯಾಗಿದ್ದನು. ಹುಡುಕಿದಾಗ ಅವನು ಹಿಂಬದಿಯ ಒಂದು ಕಂಬದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದನು. ಯಾರೋ ಪ್ರವಾಸಿಗರು ಅಲ್ಲಿ ತಮ್ಮ ಹೆಸರುಗಳನ್ನು ಗೀಚಿ ಹೋಗಿದ್ದರು. ಆ ಹೆಸರುಗಳ ಕೆಳಗೆ ಹುಡುಗನ ಕೈಯಲ್ಲಿದ್ದ ಬೆಣಚುಕಲ್ಲು ಒಂದು ಅಕ್ಷರದ ಅರ್ಧವನ್ನು ಆಗಲೇ ಬರೆದಿತ್ತು. ಕಬ್ಬಿಣದ ಮೊಳೆಗೆ ಜಗ್ಗದ ಕಣಶಿಲೆಯೂ ಬೆಣಚುಕಲ್ಲಿನ ಮೊನೆಗೆ ಗೀರು ಬೀಳುತ್ತದೆ.

ತಂದೆ ಸಿಟ್ಟಿನಿಂದ ಕೈಯೆತ್ತಿದನು. “ಹೊರಗೆ ನೀಲಿ ಹಲಗೆಯನ್ನು ಓದಲಿಲ್ಲವೇ? 1958ರ ಕಾಯಿದೆಯಂತೆ ಇದು ಅಪರಾಧ. 2010ರ ತಿದ್ದುಪಡಿಯ ಮೇಲೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ!” ಹುಡುಗನ ಕಣ್ಣಲ್ಲಿ ನೀರು ಬಂತು. “ಎಲ್ಲರೂ ಬರೆದಿದ್ದಾರಲ್ಲಾ...” ಎಂದು ತೊದಲಿದನು.

ತಾತ ಮಗನನ್ನು ತಡೆದರು. ಮೊಮ್ಮಗನ ಕೈಯಿಂದ ಕಲ್ಲನ್ನು ಮೆಲ್ಲಗೆ ತೆಗೆದುಕೊಂಡು, ಅವನ ಬೆರಳನ್ನು ಕಂಬದ ಮೇಲಿನ ಬಳ್ಳಿಯ ಒಂದು ಸುರುಳಿಯ ಮೇಲೆ ಇಟ್ಟರು. “ಇದನ್ನು ಕೆತ್ತಿದವನ ಹೆಸರೇನು?”

“ಗೊತ್ತಿಲ್ಲ.”

“ಈ ಚಪ್ಪಡಿಯನ್ನು ಮೇಲೇರಿಸಿದವರ ಹೆಸರು?”

ಹುಡುಗ ತಲೆಯಲ್ಲಾಡಿಸಿದನು. “ಆರುನೂರು ವರ್ಷ ನಿಲ್ಲುವ ಕೆಲಸ ಮಾಡಿದವರು ಈ ಕಂಬದ ನಡುವೆ ತಮ್ಮ ಹೆಸರು ಬರೆಯಲಿಲ್ಲ. ಒಂದು ಗಳಿಗೆ ನೋಡಿ ಹೋಗುವ ನಾವು ಬರೆಯಬಹುದೇ?” ಎಂದರು ತಾತ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮನಂಥ ಶಿಲ್ಪಿಗಳು ತಾವು ಕಡೆದ ಮೂರ್ತಿಯ ಕೆಳಗೆ ಹೆಸರು ಕೊರೆದಿದ್ದಾರೆಂದು ಹುಡುಗಿ ನೆನಪಿಸಿದಳು. “ಹಾಗಾದರೆ ಸರಿ. ತಾನು ಮಾಡಿದ ಕೆಲಸದ ಕೆಳಗೆ ಹೆಸರು ಬರೆಯುವುದು ನ್ಯಾಯ. ಬೇರೆಯವರ ಕೆಲಸದ ಮೇಲೆ ಬರೆಯುವುದು ಬೇರೆ ಮಾತು” ಎಂದರು.

ಮಧ್ಯಾಹ್ನ ಅವರು ಹೊರಗೆ ಒಂದು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಪೆಚ್ಚುಮೋರೆಯಲ್ಲಿ ಕುಳಿತಿದ್ದ ಹುಡುಗ ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟನು. “ತಾತ, ನೀವು ಯಾವ ಕೆಲಸ ಮಾಡಿದಿರಿ? ಚಿನ್ನ ಅಗೆದಿರೇ?”

“ಇಲ್ಲ ಮಗು. ನಾನು ಗೋಡೆ ಕಟ್ಟಿದೆ.”

ಮಕ್ಕಳು ಮಾತ್ರವಲ್ಲ, ಅವರ ತಂದೆಯೂ ತಲೆಯೆತ್ತಿ ನೋಡಿದನು.

ತಾತ ನಿಧಾನವಾಗಿ ಹೇಳಿದರು. ಚಿನ್ನದ ಎಳೆಯನ್ನು ಕಡಿದು ತೆಗೆದ ಮೇಲೆ ಬಂಡೆಯ ನಡುವೆ ಪೊಳ್ಳು ಉಳಿಯುತ್ತದೆ. ಮೇಲೆ ಎರಡು, ಮೂರು ಕಿಲೋಮೀಟರು ದಪ್ಪದ ನೆಲದ ಭಾರ. ಆ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದುಂಟು. ಆ ಸಿಡಿತಕ್ಕೆ ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು, ಒಳಗಿದ್ದವರು ಪ್ರಾಣ ಕಳೆದುಕೊಳ್ಳುತ್ತಿದ್ದರು. ಪೊಳ್ಳು ಕುಸಿಯದಂತೆ ಗ್ರಾನೈಟಿನ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ನೆಲಕ್ಕೂ ಛಾವಣಿಗೂ ಬಿಗಿಯಾಗಿ ಕೂರುವಂತೆ ಗೋಡೆ ಎತ್ತಬೇಕು. ಮುಂದೆ ಕಾಂಕ್ರೀಟು ಬಂತು; ಅವರು ಸೇರಿದಾಗ ಕಲ್ಲೇ ಆಸರೆ. ಬಂಡೆ ಮುಟ್ಟಿದರೆ ಸುಡುವಷ್ಟು ಬಿಸಿ. ದೀಪದ ಬೆಳಕು ತಲೆಯ ಮುಂದೆ ಬಿದ್ದಷ್ಟೇ ಲೋಕ.

“ಒಂದು ಕಲ್ಲು ಸಡಿಲವಾಗಿ ಕೂತರೆ ಅದರ ಮೇಲಿನವೆಲ್ಲ ಸುಳ್ಳು. ಗೋಡೆಯ ಆಚೆ ಇನ್ನೊಂದು ತಂಡ ಕೊರೆಯುತ್ತಿರುತ್ತದೆ. ನಮ್ಮ ಗೋಡೆಯನ್ನು ನಂಬಿಕೊಂಡು ಅವರು ಒಳಗೆ ಹೋಗಿರುತ್ತಾರೆ” ಎಂದು ಹೇಳಿ ತಾತ ಮಾತು ನಿಲ್ಲಿಸಿದರು.

“ಆ ಗೋಡೆಗಳು ಈಗ ಎಲ್ಲಿವೆ? ನಾವು ನೋಡಬಹುದೇ?” ಎಂದಳು ಹುಡುಗಿ.

“ಗಣಿ ನಿಂತಮೇಲೆ ನೀರೆತ್ತುವುದೂ ನಿಂತಿತು. ಎಲ್ಲವೂ ನೀರಿನೊಳಗೆ.”

ಯಾರೂ ಮಾತನಾಡಲಿಲ್ಲ. ತಾಯಿ ಮಾವನ ಎಲೆಗೆ ಇನ್ನಷ್ಟು ಮೊಸರನ್ನ ಬಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ತಂದೆ, “ಅಪ್ಪಾ, ಇಷ್ಟು ವರ್ಷ ನನಗೂ ಇದನ್ನು ಹೇಳಲಿಲ್ಲ” ಎಂದನು. ತಾತ ದೂರದ ಗೋಪುರವನ್ನು ನೋಡುತ್ತ, “ಏನೆಂದು ಹೇಳಲಿ? ತೋರಿಸಲು ಒಂದು ಕಲ್ಲಾದರೂ ಇದ್ದರಲ್ಲವೇ?” ಎಂದರು.

ಹೊರಡುವ ಮೊದಲು ಹುಡುಗ ಮತ್ತೊಮ್ಮೆ ಆ ಕಂಬದ ಬಳಿಗೆ ಹೋದನು. ತನ್ನ ಅರ್ಧ ಅಕ್ಷರವನ್ನು ಬೆರಳಿನಿಂದ ಉಜ್ಜಿದನು. ಅದು ಅಳಿಸಲಿಲ್ಲ. ಕಲ್ಲಿನ ಮೇಲಿನ ಗೀರು ಹಲಗೆಯ ಮೇಲಿನ ಬರಹವಲ್ಲವೆಂದು ಅವನಿಗೆ ಆಗ ತಿಳಿಯಿತು.

ಸಂಜೆ ಬಂಗಾರಪೇಟೆಯಲ್ಲಿ ರೈಲಿಗೆ ಇನ್ನೂ ಸಮಯವಿತ್ತು. ಆ ಊರಿಗೇ ಹೆಸರು ತಂದ, ತಿಳಿನೀರಿನಂಥ ಪಾನಿಯ ಪಾನಿಪೂರಿಯನ್ನು ಮಕ್ಕಳು ತಿಂದರು. ಅದರ ಖಾರಕ್ಕೆ ಹುಡುಗನ ಪೆಚ್ಚುಮೋರೆಯೂ ತಿಳಿಯಾಯಿತು. ರೈಲು ಕೋರಮಂಡಲ್, ಉರಿಗಾಂ ದಾಟುವಾಗ ಮುಳುಗುವ ಸೂರ್ಯನ ಮುಂದೆ ಉಕ್ಕಿನ ಗೋಪುರಗಳು ಕಪ್ಪಗೆ ಎದ್ದು ನಿಂತವು. ಬೆಳಗ್ಗೆ ಅವುಗಳನ್ನು ಸುಮ್ಮನೆ ನೋಡಿದ್ದ ಹುಡುಗಿ, ಈಗ ಅವುಗಳ ಕೆಳಗೆ ಇಳಿದುಹೋದ ಕತ್ತಲೆಯನ್ನೂ ಅದರೊಳಗಿನ ಗೋಡೆಗಳನ್ನೂ ನೆನೆದಳು. “ಅಪ್ಪಾ, ಈ ಗೋಪುರಗಳ ಮುಂದೆಯೂ ನೀಲಿ ಹಲಗೆ ಹಾಕುತ್ತಾರೆಯೇ?” ಎಂದು ಕೇಳಿದಳು. ತಂದೆಗೆ ಉತ್ತರ ತೋಚಲಿಲ್ಲ. “ನೋಡಲು ಬರುವವರಿದ್ದರೆ, ಕೇಳುವವರಿದ್ದರೆ ಹಾಕಿಯಾರು” ಎಂದನು.

ಆ ರಾತ್ರಿ ಊಟವಾದ ಮೇಲೆ ಹುಡುಗಿ ಬರೆಯಲು ಕುಳಿತಳು. ಸೋಮೇಶ್ವರ ದೇವಾಲಯದ ವರ್ಣನೆ ಮೂರು ಪುಟವಾಯಿತು. ಬಳಿಕ ಅವಳು ಪುಸ್ತಕವನ್ನು ತಾತನ ಮುಂದಿಟ್ಟು, “ತಾತ, ನಿಮ್ಮ ಗೋಡೆ ಹೇಗಿತ್ತು? ಚಿತ್ರ ಬರೆದು ಕೊಡಿ. ನಾವು ನೋಡಲಾಗದಿದ್ದರೂ ಓದುವವರಾದರೂ ತಿಳಿಯಲಿ” ಎಂದಳು.

ತಾತ ಮೊದಲು ಬೇಡವೆಂದರು. ಆಮೇಲೆ ಕನ್ನಡಕ ತರಿಸಿ, ಪೆನ್ಸಿಲನ್ನು ಉಳಿಯಂತೆ ಬಿಗಿಯಾಗಿ ಹಿಡಿದು ಬರೆಯತೊಡಗಿದರು. ಓರೆಯಾಗಿ ಇಳಿದ ಬೆಣಚುಕಲ್ಲಿನ ಎಳೆ, ಅದನ್ನು ತೆಗೆದ ಪೊಳ್ಳು, ಪೊಳ್ಳಿನೊಳಗೆ ಒಂದರ ಮೇಲೊಂದು ಕೂತ ಕಲ್ಲುಗಳು, ಗಾಳಿ ಬರುವ ದಾರಿ, ಪಂಜರ ನಿಲ್ಲುವ ಜಾಗ — ಎಲ್ಲವನ್ನೂ ಗುರುತು ಮಾಡಿದರು. ಚಿತ್ರ ಮುಗಿದಾಗ ಹುಡುಗ ಅದರ ಕೆಳಗಿನ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿ, “ಇಲ್ಲಿ ನಿಮ್ಮ ಹೆಸರು ಬರೆಯಿರಿ, ತಾತ. ಇದು ನಿಮ್ಮ ಕೆಲಸ” ಎಂದನು.

ತಾತ ಕ್ಷಣಕಾಲ ಸುಮ್ಮನಿದ್ದು ಬರೆದರು. ಒಂದು ಹೆಸರಲ್ಲ, ಎಂಟು ಹೆಸರುಗಳು. ಎರಡು ತೆಲುಗಿನಲ್ಲಿ, ಐದು ತಮಿಳಿನಲ್ಲಿ; ಎಲ್ಲದರ ಕೆಳಗೆ, ಚಿಕ್ಕ ಅಕ್ಷರಗಳಲ್ಲಿ, ಕನ್ನಡದಲ್ಲಿ ತಮ್ಮದು.